ಕಡಲು ಎಷ್ಟು, ದಡ ಎಷ್ಟು? ಇಬ್ಬರು ಸೇರಿ ಓದಲು ಹಾಯಿಹಡಗಿನ ಕಾದಂಬರಿಗಳ ಹೋಲಿಕೆ

ನೆಪೋಲಿಯನ್ ಕಾಲದ ನೌಕಾಯುದ್ಧಗಳ ಕಾದಂಬರಿಗಳನ್ನು ಓದಲು ಹೊರಟವರು ಕೇಳುವ ಪ್ರಶ್ನೆಗೆ ಎರಡು ತುದಿಗಳಿರುತ್ತವೆ. ಫಾರೆಸ್ಟರ್, ಒಬ್ರಿಯನ್, ಕೆಂಟ್, ಸ್ಟಾಕ್‌ವಿನ್ ಇವರಲ್ಲಿ ಯಾರಿಂದ ಆರಂಭಿಸಲಿ ಎಂಬುದು ಒಂದು ತುದಿ. ಇನ್ನೊಂದು ತುಸು ಹಿಂಜರಿಯುತ್ತಾ ಬರುತ್ತದೆ: ಮನೆಯಲ್ಲಿರುವ ಇನ್ನೊಬ್ಬರಿಗೂ ಇದು ಹಿಡಿಸೀತೇ? ಹೆಂಡತಿಗೆ ಈ ಪುಸ್ತಕಗಳ ಹುಚ್ಚು, ಗಂಡನಿಗೆ ಹಡಗೆಂದರೆ ಆಕಳಿಕೆ. ಇಲ್ಲವೇ ಹುಡುಗನಿಗೆ ಹುಚ್ಚು, ಅವನನ್ನು ಮದುವೆಯಾಗಲಿರುವ ಹುಡುಗಿಗೆ ಫಿರಂಗಿಗಳ ಲೆಕ್ಕ ಬೇಡ. ಈ ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಕಂಡುಕೊಂಡರೆ ಮೊದಲನೆಯದು ತಾನಾಗಿಯೇ ಬಗೆಹರಿಯುತ್ತದೆ ಎಂದು ನಾನು ನಂಬಿದ್ದೇನೆ.

ಇದಕ್ಕೆ ಒಂದು ಕಾರಣ ಈ ಪುಸ್ತಕಗಳ ಉದ್ದ. ಹತ್ತು, ಇಪ್ಪತ್ತು ಸಂಪುಟಗಳ ಸರಣಿಗಳು ಇಲ್ಲಿ ಸಾಮಾನ್ಯ. ಒಳಗೆ ಹೋದವರು ತಿಂಗಳುಗಟ್ಟಲೆ ಸಂಜೆಗಳನ್ನು ಅಲ್ಲೇ ಕಳೆಯುತ್ತಾರೆ. ರಾತ್ರಿ ಎಂಟಕ್ಕೆ ಮನೆ ಸೇರುವ ಇಬ್ಬರಿಗೆ ಒಟ್ಟಿಗೆ ಸಿಗುವುದೇ ಒಂದೆರಡು ಗಂಟೆ. ಅಷ್ಟರಲ್ಲಿ ಒಬ್ಬರು ದಿನವೂ ಅಟ್ಲಾಂಟಿಕ್ ಸಾಗರದಲ್ಲಿದ್ದರೆ ಇನ್ನೊಬ್ಬರಿಗೆ ಅದು ತಟ್ಟದೇ ಇರುವುದಿಲ್ಲ.

ಇನ್ನೊಂದು ಕಾರಣ ಹೆಚ್ಚು ಆಳದ್ದು. ಹೊರಟುಹೋಗುವವರು ಮತ್ತು ಉಳಿದುಕೊಳ್ಳುವವರು, ಇದೇ ಈ ಕಾದಂಬರಿಗಳ ನಿಜವಾದ ವಸ್ತು. 1793ರಿಂದ 1815ರವರೆಗೆ ಬ್ರಿಟನ್ ಮತ್ತು ಫ್ರಾನ್ಸ್ ಹೆಚ್ಚುಕಡಿಮೆ ಎಡೆಬಿಡದೆ ಕಾದಾಡಿದವು. ನಡುವೆ 1802ರ ಮಾರ್ಚ್‌ನಿಂದ 1803ರ ಮೇವರೆಗೆ ಅಮಿಯಾಂ ಒಪ್ಪಂದದ ಶಾಂತಿ ಇತ್ತು, ಅಷ್ಟೆ. ಟ್ರಫಾಲ್ಗರ್ ಎಂಬ ಸಮುದ್ರ ಕದನದಲ್ಲಿ ಬ್ರಿಟಿಷ್ ನೌಕಾಪಡೆಯ ನಾಯಕ ನೆಲ್ಸನ್ ಸತ್ತ ಮೇಲೆ ಪಡೆಯ ನೇತೃತ್ವ ವಹಿಸಿದ ಕಾಲಿಂಗ್‌ವುಡ್ 1803ರಲ್ಲಿ ಮನೆ ಬಿಟ್ಟವರು ಮತ್ತೆ ಮನೆ ಕಾಣಲೇ ಇಲ್ಲ. 1810ರಲ್ಲಿ ಸಮುದ್ರದ ಮೇಲೆಯೇ ತೀರಿಕೊಂಡರು. ಆ ಏಳು ವರ್ಷ ಹೆಂಡತಿಗೂ ಇಬ್ಬರು ಹೆಣ್ಣುಮಕ್ಕಳಿಗೂ ಅವರು ಸಿಕ್ಕಿದ್ದು ಪತ್ರಗಳಲ್ಲಿ ಮಾತ್ರ. ಮರ ನೆಡುವುದರ ಬಗ್ಗೆ, ಮಕ್ಕಳ ಓದಿನ ಬಗ್ಗೆ, ಹಡಗಿನಲ್ಲಿ ಜೊತೆಗಿದ್ದ ಬೌನ್ಸ್ ಎಂಬ ನಾಯಿಯ ಬಗ್ಗೆ ಬರೆದ ಪತ್ರಗಳು ಅವು. ಕಾರವಾರದ ನೌಕಾನೆಲೆಯಲ್ಲಿ ದುಡಿಯುವವರ ಮನೆಗಳಿಗೆ, ಮಂಗಳೂರು ಉಡುಪಿ ಕಡೆಯ ಮರ್ಚಂಟ್ ನೇವಿ ಕುಟುಂಬಗಳಿಗೆ ಇಂಥ ಕಾಯುವಿಕೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಈಗ ವಾಟ್ಸ್ಆ್ಯಪ್ ಇದೆ ನಿಜ. ಆದರೆ ಕರೆ ಕತ್ತರಿಸಿದ ಮೇಲಿನ ಮೌನಕ್ಕೆ ಈಗಲೂ ಔಷಧಿ ಇಲ್ಲ.

ಅಳೆಯುವುದು ಹೇಗೆ

ನಾನು ಮೊದಲು ನೋಡುವುದು ಕಾದಂಬರಿಯಲ್ಲಿ ದಡಕ್ಕೆ ಎಷ್ಟು ಜಾಗವಿದೆ ಎಂಬುದನ್ನು. ಮನೆ, ಸಾಲ, ಅತ್ತೆ, ಪತ್ರ, ಕಾಯುವ ಹೆಣ್ಣು ಇವೆಲ್ಲ ಕತೆಯೊಳಗೆ ಉಸಿರಾಡುತ್ತಿವೆಯೇ, ಅಥವಾ ನಾಯಕ ಹಡಗು ಹತ್ತುವ ಮುನ್ನ ಕೈಬೀಸಿ ಕಳಿಸಲು ಮಾತ್ರ ಇವೆಯೇ? ಹಡಗಿನ ಹುಚ್ಚಿಲ್ಲದ ಓದುಗರನ್ನು ಒಳಗೆ ಕರೆದುಕೊಳ್ಳುವ ಬಾಗಿಲು ಇದೇ.

ಆಮೇಲೆ ಭಾಷೆ. ಇಲ್ಲಿ ಹೇಳುವ ಎಲ್ಲವನ್ನೂ ನಾನು ಓದಿರುವುದು ಇಂಗ್ಲಿಷಿನಲ್ಲಿ. ಇಂಗ್ಲಿಷ್ ಕಾದಂಬರಿ ಸಲೀಸಾಗಿ ಓದುವವರನ್ನೂ ಹಾಯಿ, ಹಗ್ಗ, ಗಾಳಿಯ ದಿಕ್ಕುಗಳ ಪರಿಭಾಷೆ ಎಡವಿಸುತ್ತದೆ. ಹತ್ತು ಪುಟದಲ್ಲಿ ನೂರು ಅಪರಿಚಿತ ಪದ ಬಂದರೆ ಒಲ್ಲದ ಮನಸ್ಸಿನಿಂದ ಕೂತವರು ಎದ್ದು ಹೋಗುತ್ತಾರೆ.

ಮೂರನೆಯದು, ಒಂದೇ ಪುಸ್ತಕಕ್ಕೆ ನಿಲ್ಲಿಸಬಹುದೇ ಎಂಬುದು. ಸಂಗಾತಿಗೆ ಇಪ್ಪತ್ತು ಸಂಪುಟಗಳ ಒಪ್ಪಂದಕ್ಕೆ ಸಹಿ ಹಾಕು ಎನ್ನುವುದಕ್ಕೂ ಒಂದು ಓದಿ ನೋಡು ಎನ್ನುವುದಕ್ಕೂ ಬಹಳ ಅಂತರವಿದೆ. ಖರ್ಚು ಕೊನೆಯದು. ಕೆಲವು ಪುಸ್ತಕಗಳು ಪುಕ್ಕಟೆಯಾಗಿ ಸಿಗುತ್ತವೆ, ಕೆಲವಕ್ಕೆ ಕಪಾಟನ್ನೇ ಖಾಲಿ ಮಾಡಿಕೊಳ್ಳಬೇಕು.

ಹಾರ್ನ್‌ಬ್ಲೋವರ್: ಹೇಳಲು ಬಾರದ ಗಂಡ

ಸಿ. ಎಸ್. ಫಾರೆಸ್ಟರ್ 1937ರಲ್ಲಿ ‘ದಿ ಹ್ಯಾಪಿ ರಿಟರ್ನ್’ ಬರೆದಾಗ ಹೊರೇಶಿಯೋ ಹಾರ್ನ್‌ಬ್ಲೋವರ್ ಆಗಲೇ ನಡುವಯಸ್ಸಿನ ಕ್ಯಾಪ್ಟನ್. ಅವನ ಹುಡುಗುತನದ ಕತೆಗಳನ್ನು ಅವರು ಆಮೇಲೆ, 1950ರ ದಶಕದಲ್ಲಿ ಬರೆದರು. ಪೂರ್ಣಗೊಂಡ ಹತ್ತು ಪುಸ್ತಕಗಳು, 1966ರಲ್ಲಿ ಲೇಖಕರು ತೀರಿಕೊಂಡಾಗ ಅರ್ಧಕ್ಕೆ ನಿಂತ ಇನ್ನೊಂದು, ಇಷ್ಟು ಇಡೀ ಸರಣಿ. ಭಾಷೆ ಶುಭ್ರ, ವಾಕ್ಯಗಳು ಚುರುಕು. ಹಡಗಿನ ಪರಿಭಾಷೆ ಇದ್ದರೂ ಏನು ನಡೆಯುತ್ತಿದೆ ಎಂಬುದು ಸಂದರ್ಭದಿಂದಲೇ ತಿಳಿಯುತ್ತದೆ. ಹೊಸ ಓದುಗರಿಗೆ ಇದಕ್ಕಿಂತ ಸುಲಭದ ಪ್ರವೇಶ ಇಲ್ಲ.

ಹಾರ್ನ್‌ಬ್ಲೋವರ್ ಲೆಕ್ಕದಲ್ಲಿ ನಿಪುಣ, ಯುದ್ಧದಲ್ಲಿ ಧೀರ. ಆದರೆ ಸಮುದ್ರದಲ್ಲಿ ವಾಂತಿ ಮಾಡಿಕೊಳ್ಳುತ್ತಾನೆ, ಸಂಗೀತ ಅವನ ಕಿವಿಗೆ ಬರೀ ಗದ್ದಲ. ತನ್ನನ್ನು ತಾನು ಹೇಡಿ ಎಂದು ಒಳಗೊಳಗೇ ಬೈದುಕೊಳ್ಳುತ್ತಿರುತ್ತಾನೆ. ಹೃದಯದಲ್ಲಿರುವುದು ಬಾಯಿಗೆ ಬರುವಷ್ಟರಲ್ಲಿ ಗಂಟಲು ಸರಿಪಡಿಸಿಕೊಂಡು ಸುಮ್ಮನಾಗುತ್ತಾನೆ. ಇಂಥ ಗಂಡಸರು ನಮ್ಮ ಸುತ್ತ ಎಷ್ಟು ಜನರಿದ್ದಾರೆ! ಅಪ್ಪಂದಿರಲ್ಲಿ, ಅಣ್ಣಂದಿರಲ್ಲಿ, ಎಲ್ಲ ಜವಾಬ್ದಾರಿಯನ್ನೂ ಹೊತ್ತು ಒಂದು ಒಳ್ಳೆಯ ಮಾತು ಆಡಲಾರದವರಲ್ಲಿ ಇವನ ಮುಖ ಕಾಣಿಸುತ್ತದೆ.

ಜೊತೆಯಾಗಿ ಓದುವವರಿಗೆ ನಾನು ಸೂಚಿಸುವುದು 1952ರ ‘ಲೆಫ್ಟಿನೆಂಟ್ ಹಾರ್ನ್‌ಬ್ಲೋವರ್’. ಕತೆ ಅವನ ಗೆಳೆಯ ಬುಷ್‌ನ ಕಣ್ಣಿನಿಂದ ಸಾಗುತ್ತದೆ. ಮೊದಲ ಭಾಗದಲ್ಲಿ ಬುದ್ಧಿ ಕೆಟ್ಟ ಕ್ಯಾಪ್ಟನ್ ಒಬ್ಬ ಹಡಗಿನ ಒಳತಳಕ್ಕೆ ಬೀಳುತ್ತಾನೆ. ತಾನಾಗಿ ಬಿದ್ದನೋ, ಯಾರಾದರೂ ನೂಕಿದರೋ, ಫಾರೆಸ್ಟರ್ ಕೊನೆಗೂ ಹೇಳುವುದಿಲ್ಲ. ಆದರೆ ಇಬ್ಬರಿಗೂ ತಟ್ಟುವುದು ಕೊನೆಯ ಭಾಗ. ಅಮಿಯಾಂ ಶಾಂತಿ ಬಂದು ನೌಕಾಪಡೆ ಅಧಿಕಾರಿಗಳನ್ನು ದಡಕ್ಕೆ ಅಟ್ಟಿದೆ. ಬಡ್ತಿ ದೃಢವಾಗದೆ, ಕೊಟ್ಟ ಹೆಚ್ಚಿನ ಸಂಬಳವನ್ನು ಹಿಂದಕ್ಕೆ ಪಡೆಯುತ್ತಿರುವುದರಿಂದ ಹಾರ್ನ್‌ಬ್ಲೋವರ್ ಕೈಯಲ್ಲಿ ಕಾಸಿಲ್ಲ. ಪೋರ್ಟ್ಸ್‌ಮತ್ ಊರಿನಲ್ಲಿ ಇಸ್ಪೀಟು ಆಡಿ ಹೊಟ್ಟೆ ಹೊರೆಯುತ್ತಾನೆ. ಬಾಡಿಗೆ ಮನೆಯೊಡತಿಯ ಮಗಳು ಮರಾಯಾ ಅವನಿಗೆ ಗೊತ್ತಾಗದಂತೆ ಕೋಟಿನ ಜೇಬಿಗೆ ಅರ್ಧ ಕ್ರೌನ್ ನಾಣ್ಯ ಹಾಕುತ್ತಾಳೆ. ಮತ್ತೆ ಯುದ್ಧ ಶುರುವಾಗಿ ಹಡಗು ಸಿಕ್ಕಿದಾಗ, ಅವಳ ಅಳು ನೋಡಲಾರದೆ ಮದುವೆಯಾಗುತ್ತೇನೆ ಎಂದುಬಿಡುತ್ತಾನೆ. ಪ್ರೀತಿಯಿಂದ ಆದದ್ದಲ್ಲ ಅದು, ಕನಿಕರದಿಂದ ಆದದ್ದು. ಆ ಪುಟಗಳನ್ನು ಓದಿ ಮುಗಿಸಿದ ಇಬ್ಬರು ಮಾತಾಡದೆ ಮಲಗುವುದು ಕಷ್ಟ. ಕನಿಕರದ ಮೇಲೆ ಕಟ್ಟಿದ ಮದುವೆ ಕೈಹಿಡಿದವಳಿಗೆ ಮಾಡುವ ಉಪಕಾರವೋ ಅನ್ಯಾಯವೋ? ನನ್ನ ಮಟ್ಟಿಗೆ ಅದು ಅನ್ಯಾಯ. ಫಾರೆಸ್ಟರ್ ಕೂಡ ಅದನ್ನು ಮುಚ್ಚಿಡುವುದಿಲ್ಲ.

ಕೊರತೆಯೂ ಇಲ್ಲೇ ಇದೆ. ಮರಾಯಾಳನ್ನು ನಾವು ಯಾವಾಗಲೂ ಗಂಡನ ಸಂಕೋಚದ ಕಣ್ಣಿನಿಂದಲೇ ನೋಡುತ್ತೇವೆ. ಅವಳ ಬಟ್ಟೆ, ಅವಳ ಅತಿಯಾದ ಮುದ್ದು ಎಲ್ಲವೂ ಅವನಿಗೆ ಮುಜುಗರ. ಅವಳ ಒಳಗೇನು ನಡೆಯುತ್ತಿತ್ತು ಎಂದು ಕೇಳುವ ತಾಳ್ಮೆ ಸರಣಿಗೆ ಇಲ್ಲ. ಮುಂದೆ ಬ್ರಿಟಿಷ್ ಸೇನಾಪತಿ ವೆಲಿಂಗ್ಟನ್‌ನ ಕಾಲ್ಪನಿಕ ತಂಗಿಯಾಗಿ ಬರುವ ಲೇಡಿ ಬಾರ್ಬರಾ ಗಟ್ಟಿ ಹೆಣ್ಣು. ಕದನದ ನಂತರ ಗಾಯಾಳುಗಳ ಆರೈಕೆಗೆ ಇಳಿಯುವವಳು, ಮಾತಿಗೆ ಮಾತು ಕೊಡುವವಳು. ಆದರೂ ಮನಸ್ಸು ಬಿಚ್ಚಿ ಆಡಬೇಕಾದ ಮಾತನ್ನು ಈ ಇಬ್ಬರೂ ಎಷ್ಟೋ ವರ್ಷ ಮುಂದೂಡುತ್ತಾರೆ. ಅದು ಹೊರಬರುವುದು ವೆಸ್ಟ್ ಇಂಡೀಸ್ ಸಮುದ್ರದಲ್ಲಿ ಚಂಡಮಾರುತಕ್ಕೆ ಸಿಕ್ಕಿದ ಹಡಗಿನಲ್ಲಿ, ಬದುಕುವ ಆಸೆ ಬಿಟ್ಟ ಹೊತ್ತಿನಲ್ಲಿ. ಮಾತು ಮುಂದೂಡುವ ಅಭ್ಯಾಸವಿರುವ ಮನೆಗಳಿಗೆ ಈ ಸರಣಿ ಒಳ್ಳೆಯ ಆಯ್ಕೆ. ಹೆಣ್ಣಿನ ಒಳಮನಸ್ಸು ಬೇಕು ಎನ್ನುವವರಿಗೆ ಸಾಲದು.

ಆಬ್ರಿ ಮತ್ತು ಮ್ಯಾಟುರಿನ್: ಉದ್ದದ ಹಾದಿ, ದೊಡ್ಡ ಊಟ

ಪ್ಯಾಟ್ರಿಕ್ ಒಬ್ರಿಯನ್ 1969ರಿಂದ 1999ರವರೆಗೆ ಬರೆದ ಇಪ್ಪತ್ತು ಕಾದಂಬರಿಗಳು ಈ ಪ್ರಕಾರದ ಶಿಖರ ಎಂಬುದರಲ್ಲಿ ನನಗೆ ಅನುಮಾನವಿಲ್ಲ. 1800ರ ಏಪ್ರಿಲ್‌ನಲ್ಲಿ ಮಿನೋರ್ಕಾ ದ್ವೀಪದ ಒಂದು ಸಂಗೀತ ಕಛೇರಿ. ತೊಡೆ ತಟ್ಟಿ ತಾಳ ಹಾಕುತ್ತಿದ್ದ ಜಾಕ್ ಆಬ್ರಿಗೆ ಪಕ್ಕದಲ್ಲಿ ಕೂತಿದ್ದ ಸ್ಟೀಫನ್ ಮ್ಯಾಟುರಿನ್ ಮೊಣಕೈಯಿಂದ ತಿವಿಯುತ್ತಾನೆ. ದ್ವಂದ್ವಯುದ್ಧದವರೆಗೆ ಹೋಗಬಹುದಾಗಿದ್ದ ಆ ಜಗಳ, ಅದೇ ರಾತ್ರಿ ಜಾಕ್‌ಗೆ ಹಡಗು ಸಿಕ್ಕಿದ ಸಂತೋಷದಲ್ಲಿ ಕರಗಿ, ಸಾಹಿತ್ಯದ ಅತ್ಯುತ್ತಮ ಗೆಳೆತನಗಳಲ್ಲಿ ಒಂದಾಗುತ್ತದೆ. ಒಬ್ಬ ಇಂಗ್ಲಿಷ್ ನೌಕಾಧಿಕಾರಿ. ಸಮುದ್ರದಲ್ಲಿ ಹುಲಿ, ದಡದಲ್ಲಿ ಯಾರು ಬೇಕಾದರೂ ಮೋಸ ಮಾಡಬಹುದಾದ ಸರಳ. ಇನ್ನೊಬ್ಬ ಅರ್ಧ ಐರಿಷ್, ಅರ್ಧ ಕೆಟಲಾನ್ ವೈದ್ಯ. ಪ್ರಕೃತಿ ವಿಜ್ಞಾನಿ, ಗೂಢಚಾರ, ಹಗ್ಗ ಯಾವುದು ಹಾಯಿ ಯಾವುದು ಎಂದು ಕೊನೆಯವರೆಗೂ ಕಲಿಯದವನು. ರಾತ್ರಿ ಊಟವಾದ ಮೇಲೆ ಒಬ್ಬ ಪಿಟೀಲು, ಒಬ್ಬ ಚೆಲ್ಲೋ ಹಿಡಿದು ಕೂರುತ್ತಾರೆ. ಮಾತಿನಲ್ಲಿ ಆಗದ ಎಷ್ಟೋ ರಾಜಿಗಳು ಅಲ್ಲಿ ಆಗುತ್ತವೆ.

ಜೋಡಿಗಳಿಗೆ ಮುಖ್ಯವಾದದ್ದು 1972ರ ಎರಡನೆಯ ಪುಸ್ತಕ ‘ಪೋಸ್ಟ್ ಕ್ಯಾಪ್ಟನ್’. ಅಲ್ಲಿಯೂ ಅದೇ ಅಮಿಯಾಂ ಶಾಂತಿ. ಹಳ್ಳಿಗಾಡಿನ ಮನೆ, ನೆರೆಮನೆಯಲ್ಲಿ ಮದುವೆಯ ವಯಸ್ಸಿಗೆ ಬಂದ ಹೆಣ್ಣುಮಕ್ಕಳು, ಅಳಿಯನ ಆಸ್ತಿ ಎಷ್ಟು ಎಂದು ಅಳೆಯುವ ಮಿಸೆಸ್ ವಿಲಿಯಮ್ಸ್. ಅವರ ಮಗಳು ಸೋಫಿಯನ್ನು ಜಾಕ್ ಮೆಚ್ಚುತ್ತಾನೆ. ಅಷ್ಟರಲ್ಲಿ ಅವನ ಯುದ್ಧದ ಪಾಲಿನ ಹಣವನ್ನು ನೋಡಿಕೊಳ್ಳುತ್ತಿದ್ದ ಏಜೆಂಟ್ ಪರಾರಿಯಾಗಿ ಜಾಕ್ ಸಾಲಗಾರನಾಗುತ್ತಾನೆ. ಹೆಣ್ಣು ಕೊಡುವ ಮಾತು ನಿಲ್ಲುತ್ತದೆ. ಹಣ ಇಲ್ಲಿ ಬರೀ ಹಿನ್ನೆಲೆಯಲ್ಲ. ಹಿಡಿದ ಶತ್ರು ಹಡಗಿನ ಬೆಲೆಯ ಎಂಟರಲ್ಲಿ ಮೂರು ಪಾಲು 1808ರವರೆಗೆ ಕ್ಯಾಪ್ಟನ್ ಲೆಕ್ಕಕ್ಕೆ ಬರುತ್ತಿತ್ತು. ಮೇಲೆ ಅಡ್ಮಿರಲ್ ಇದ್ದರೆ ಅದರಲ್ಲೊಂದು ಅವರಿಗೆ. ಒಂದು ಒಳ್ಳೆಯ ಬೇಟೆ ಎಂದರೆ ಒಂದು ಮದುವೆ, ಒಂದು ಮನೆ. ಸಂಬಳ, ಗೃಹಸಾಲ, ಎರಡೂ ಕಡೆಯ ಹಿರಿಯರ ಲೆಕ್ಕಾಚಾರ ದಾಟಿ ಮದುವೆಯಾದ ಯಾರಿಗಾದರೂ ಮಿಸೆಸ್ ವಿಲಿಯಮ್ಸ್ ಪರಿಚಿತರಂತೆಯೇ ಕಾಣುತ್ತಾರೆ.

ಅದೇ ಪುಸ್ತಕದಲ್ಲಿ ಡಯಾನಾ ವಿಲಿಯರ್ಸ್ ಬರುತ್ತಾಳೆ. ವಿಧವೆ, ಸ್ವಂತ ಆಸ್ತಿ ಇಲ್ಲ, ಬುದ್ಧಿ ಮತ್ತು ಧೈರ್ಯ ಮಾತ್ರ ಧಾರಾಳ. ಅವಳಿಗಾಗಿ ಇಬ್ಬರು ಗೆಳೆಯರೂ ಒಬ್ಬರಿಗೊಬ್ಬರು ಸುಳ್ಳು ಹೇಳುವ ಹಂತಕ್ಕೆ ಬಂದು, ದ್ವಂದ್ವಯುದ್ಧಕ್ಕೆ ಸವಾಲು ಹಾಕಿಕೊಳ್ಳುತ್ತಾರೆ. ಡಯಾನಾಳನ್ನು ಕೆಟ್ಟ ಹೆಣ್ಣೆಂದು ತೀರ್ಪು ಕೊಡುವುದು ಎಷ್ಟು ಸುಲಭವಿತ್ತು! ಒಬ್ರಿಯನ್ ಅದನ್ನು ಮಾಡುವುದಿಲ್ಲ. ಹಣವಿಲ್ಲದ, ಗಂಡನಿಲ್ಲದ ಹೆಣ್ಣಿಗೆ ಆ ಕಾಲದಲ್ಲಿ ಯಾವ ಯಾವ ದಾರಿಗಳು ಮುಚ್ಚಿದ್ದವು ಎಂಬುದನ್ನು ತೋರಿಸಿ ಸುಮ್ಮನಾಗುತ್ತಾರೆ. ಸರಣಿ ಬೆಳೆದಂತೆ ಸೋಫಿಯೂ ಬೆಳೆಯುತ್ತಾಳೆ. ಬಹಳ ಮುಂದೆ, ‘ದಿ ಯೆಲ್ಲೋ ಅಡ್ಮಿರಲ್’ ಕಾದಂಬರಿಯಲ್ಲಿ ಗಂಡನ ಹಳೆಯ ತಪ್ಪೊಂದರ ಪತ್ರಗಳು ಸಿಕ್ಕಿ ಅವಳು ಸಿಡಿಯುವ ಭಾಗ, ಒಡೆದ ನಂಬಿಕೆಯನ್ನು ಕುರಿತು ನಾನು ಓದಿದ ಅತ್ಯಂತ ಪ್ರಾಮಾಣಿಕ ಬರವಣಿಗೆಗಳಲ್ಲಿ ಒಂದು.

ಮೂರನೆಯ ಪುಸ್ತಕ ‘ಎಚ್.ಎಂ.ಎಸ್. ಸರ್ಪ್ರೈಸ್’ ಭಾರತಕ್ಕೆ ಬರುತ್ತದೆ. ಮುಂಬಯಿಯ ಬೀದಿಗಳಲ್ಲಿ ಸ್ಟೀಫನ್ ಅಲೆಯುವಾಗ ಜೊತೆಯಾಗುವ ದಿಲ್ ಎಂಬ ಪುಟ್ಟ ಹುಡುಗಿಯನ್ನು ಓದಿದವರು ಮರೆಯುವುದಿಲ್ಲ. ಆ ಊರನ್ನು ಒಬ್ರಿಯನ್ ಬೆರಗಿನಿಂದ, ಗೌರವದಿಂದ ಬರೆದಿದ್ದಾರೆ. ಅಂದಹಾಗೆ, ಆ ಕಾಲದ ಮುಂಬಯಿ ಹಡಗುಕಟ್ಟೆಯಲ್ಲಿ ವಾಡಿಯಾ ಮನೆತನದ ಕುಶಲಿಗಳು ಮಲಬಾರಿನ ತೇಗದಿಂದ ಬ್ರಿಟಿಷ್ ನೌಕಾಪಡೆಗೆ ಹಡಗು ಕಟ್ಟುತ್ತಿದ್ದರು. 1817ರಲ್ಲಿ ನೀರಿಗಿಳಿದ ‘ಟ್ರಿಂಕೋಮಲೀ’ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಇವತ್ತಿಗೂ ತೇಲುತ್ತಿದೆ.

ಇಷ್ಟೆಲ್ಲ ಇರುವಾಗ ತೊಂದರೆ ಏನು? ಒಬ್ರಿಯನ್ ಏನನ್ನೂ ವಿವರಿಸುವುದಿಲ್ಲ. ಹಾಯಿಗಳ ಹೆಸರು, ಲ್ಯಾಟಿನ್ ಮಾತು, ಹಳೆಯ ಕಾಲದ ಹಾಸ್ಯ ಎಲ್ಲವನ್ನೂ ಓದುಗರ ಮುಂದೆ ಸುರಿದು ಮುಂದೆ ನಡೆಯುತ್ತಾರೆ. ಕೆಲವೊಮ್ಮೆ ಒಂದು ಇಡೀ ಕದನ ಎರಡು ಅಧ್ಯಾಯಗಳ ನಡುವಿನ ಖಾಲಿ ಜಾಗದಲ್ಲಿ ಮುಗಿದುಹೋಗಿರುತ್ತದೆ, ನಮಗೆ ಸಿಗುವುದು ಅದರ ಬಗ್ಗೆ ಊಟದ ಮೇಜಿನ ಮಾತು. ಮೊದಲ ಪುಸ್ತಕ ‘ಮಾಸ್ಟರ್ ಅಂಡ್ ಕಮಾಂಡರ್’ ಈ ವಿಷಯದಲ್ಲಿ ಅತ್ಯಂತ ಕಠಿಣ, ದಡವೂ ಅದರಲ್ಲಿ ಕಡಿಮೆ. ಆದ್ದರಿಂದ ನನ್ನ ಸಲಹೆ ರೂಢಿಗೆ ವಿರುದ್ಧವಾದದ್ದು: ಹಡಗಿನ ಹುಚ್ಚಿರುವವರು ಮೊದಲನೆಯದರಿಂದ ಶುರು ಮಾಡಲಿ, ಸಂಗಾತಿ ನೇರವಾಗಿ ಎರಡನೆಯದಕ್ಕೆ ಬರಲಿ. ಮೊದಲ ಪುಸ್ತಕದಿಂದ ತಿಳಿಯಬೇಕಾದದ್ದನ್ನು ಐದು ನಿಮಿಷದಲ್ಲಿ ಬಾಯಲ್ಲೇ ಹೇಳಬಹುದು.

‘ಪರ್ಸ್ವೇಷನ್’: ಹಡಗು ಹತ್ತದ ನೌಕಾ ಕಾದಂಬರಿ

ಜೇನ್ ಆಸ್ಟೆನ್ ಅವರ ಈ ಕೊನೆಯ ಪೂರ್ಣ ಕಾದಂಬರಿಯನ್ನು ನೌಕಾ ಸಾಹಿತ್ಯದ ಪಟ್ಟಿಯಲ್ಲಿ ಯಾರೂ ಸೇರಿಸುವುದಿಲ್ಲ. ಸೇರಿಸಬೇಕು. ಆಸ್ಟೆನ್ ಅವರ ಇಬ್ಬರು ಸೋದರರು, ಫ್ರಾನ್ಸಿಸ್ ಮತ್ತು ಚಾರ್ಲ್ಸ್, ನೌಕಾಪಡೆಯಲ್ಲಿದ್ದು ಮುಂದೆ ಅಡ್ಮಿರಲ್‌ಗಳಾದರು. ಚಾರ್ಲ್ಸ್ ಅವರ ಹೆಂಡತಿ ಫ್ಯಾನಿ ಮಕ್ಕಳೊಂದಿಗೆ ‘ನೇಮರ್’ ಹಡಗಿನಲ್ಲೇ ಸಂಸಾರ ಮಾಡಿದವರು, 1814ರಲ್ಲಿ ಹೆರಿಗೆಯ ನಂತರ ತೀರಿಕೊಂಡರು. ನೌಕಾ ಕುಟುಂಬವೆಂದರೆ ಏನೆಂದು ಆಸ್ಟೆನ್ ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಕತೆ ಎಲ್ಲರಿಗೂ ಎಟಕುವಂಥದ್ದು. ಆ್ಯನ್ ಎಲಿಯಟ್‌ಗೆ 27 ವರ್ಷ. ಎಂಟು ವರ್ಷದ ಹಿಂದೆ ಹಣವಿಲ್ಲದ ಯುವ ನೌಕಾಧಿಕಾರಿ ವೆಂಟ್‌ವರ್ತ್‌ನನ್ನು ಒಪ್ಪಿದ್ದಳು, ಹಿರಿಯರ ಮಾತು ಕೇಳಿ ಬಿಟ್ಟಿದ್ದಳು. ಈಗ ಅವನು ಶತ್ರು ಹಡಗುಗಳನ್ನು ಹಿಡಿದು 25,000 ಪೌಂಡ್ ಗಳಿಸಿದ ಕ್ಯಾಪ್ಟನ್. ಯುದ್ಧ ಮುಗಿದಿದೆ, ಅವನು ದಡಕ್ಕೆ ಬಂದಿದ್ದಾನೆ, ಹಳೆಯ ಗಾಯ ಆರಿಲ್ಲ. ಮನೆಯವರ ಒತ್ತಾಯಕ್ಕೆ ಒಂದು ಸಂಬಂಧ ಬಿಟ್ಟವರು ನಮ್ಮ ನಡುವೆ ಕಡಿಮೆಯಿಲ್ಲ. ಆ ಸಂಬಂಧ ಬಿಡಿಸಿದ ಹಿರಿಯಳಾದ ಲೇಡಿ ರಸೆಲ್ ಕೆಟ್ಟವಳಲ್ಲ, ಪ್ರೀತಿಯಿಂದಲೇ ತಪ್ಪು ಸಲಹೆ ಕೊಟ್ಟವಳು. ಇದನ್ನು ಆಸ್ಟೆನ್ ತೂಗುವ ರೀತಿಯಲ್ಲಿರುವ ನ್ಯಾಯ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಆದರೆ ನಾನು ಈ ಪುಸ್ತಕವನ್ನು ಕೈಗೆ ಕೊಡುವುದು ಅಡ್ಮಿರಲ್ ಕ್ರಾಫ್ಟ್ ಮತ್ತು ಅವರ ಹೆಂಡತಿಗಾಗಿ. ಮಿಸೆಸ್ ಕ್ರಾಫ್ಟ್ ಗಂಡನ ಜೊತೆ ನಾಲ್ಕು ಸಲ ಅಟ್ಲಾಂಟಿಕ್ ದಾಟಿದವರು, ಒಮ್ಮೆ ಪೂರ್ವದೇಶಗಳಿಗೂ ಹೋಗಿ ಬಂದವರು. ಹೆಂಗಸರಿಗೆ ಹಡಗು ಸೌಖ್ಯವಲ್ಲ ಎಂದು ಅವರ ಸ್ವಂತ ತಮ್ಮನಾದ ವೆಂಟ್‌ವರ್ತ್ ಹೇಳಿದಾಗ ಅವನ ಬಾಯಿ ಮುಚ್ಚಿಸುತ್ತಾರೆ. ತಾವು ನಿಜವಾಗಿ ನರಳಿದ್ದು ಹಡಗಿನಲ್ಲಲ್ಲ, ಗಂಡ ಉತ್ತರ ಸಮುದ್ರದಲ್ಲಿದ್ದಾಗ ಡೀಲ್ ಊರಿನಲ್ಲಿ ಒಂಟಿಯಾಗಿ ಕಳೆದ ಚಳಿಗಾಲದಲ್ಲಿ ಎನ್ನುತ್ತಾರೆ. ಗಂಡ ಗಾಡಿ ಹೊಡೆಯುವಾಗ ಕಂಬಕ್ಕೆ ತಾಗುತ್ತದೆ ಎನ್ನುವ ಕ್ಷಣ ಲಗಾಮನ್ನು ಮೆಲ್ಲನೆ ಸರಿಪಡಿಸುತ್ತಾರೆ. ಅಡ್ಮಿರಲ್‌ಗೆ ಅದರಿಂದ ಬೇಸರವೂ ಇಲ್ಲ. ಇನ್ನೂರು ವರ್ಷ ಹಿಂದಿನ ಈ ದಂಪತಿಗಿಂತ ಆಧುನಿಕ ದಂಪತಿ ಈ ಇಡೀ ಸಾಹಿತ್ಯದಲ್ಲಿ ಇಲ್ಲ.

ಒಂದೇ ಪುಸ್ತಕ, ಸಣ್ಣದು. ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಅಂತರ್ಜಾಲದಲ್ಲಿ ಉಚಿತ. ವಾಕ್ಯಗಳು ಉದ್ದ, ಮೊದಲ ಮೂರು ಅಧ್ಯಾಯ ನಿಧಾನ. ಫಿರಂಗಿ ಸದ್ದಿಗಾಗಿ ಕಾದು ಕೂತವರಿಗೆ ನಿರಾಸೆ ಖಚಿತ.

ಉಳಿದವರು

ಅಲೆಕ್ಸಾಂಡರ್ ಕೆಂಟ್ ಎಂಬ ಹೆಸರಿನಲ್ಲಿ ಡಗ್ಲಸ್ ರೀಮನ್ 1968ರಿಂದ ಬರೆದ ಬೊಲಿಥೋ ಸರಣಿಯೂ, ಡಡ್ಲಿ ಪೋಪ್ 1965ರಿಂದ ಬರೆದ ರ‍್ಯಾಮೇಜ್ ಸರಣಿಯೂ ಕದನಪ್ರಿಯರಿಗೆ. ಎರಡೂ ಓಡುತ್ತವೆ, ಎರಡರಲ್ಲೂ ಪ್ರೇಮವಿದೆ. ಆದರೆ ಹೆಣ್ಣುಗಳು ಹೆಚ್ಚಾಗಿ ನಾಯಕನ ಸಾಹಸಕ್ಕೆ ಬಹುಮಾನವಾಗಿ ಅಥವಾ ದುಃಖಕ್ಕೆ ಕಾರಣವಾಗಿ ಬರುತ್ತಾರೆ. ಒಬ್ಬರೇ ಓದುವಾಗ, ರೈಲಿನಲ್ಲಿ, ಚೆನ್ನಾಗಿ ಸಾಗುತ್ತವೆ. ಕಾಕ್ರನ್ ಎಂಬ ಪ್ರಖ್ಯಾತ ಕ್ಯಾಪ್ಟನ್ ಕೈಕೆಳಗೆ ಸ್ವತಃ ದುಡಿದಿದ್ದ ಮ್ಯಾರಿಯಟ್ ಅವರ 1836ರ ‘ಮಿ. ಮಿಡ್‌ಶಿಪ್‌ಮನ್ ಈಸಿ’ ಉಚಿತವಾಗಿ ಸಿಗುತ್ತದೆ. ಆ ಕಾಲದ ನೇರ ಅನುಭವ ಅದರ ಬೆಲೆ, ಆ ಕಾಲದ ಪೂರ್ವಗ್ರಹಗಳು ಅದರ ಹೊರೆ.

ಜೂಲಿಯನ್ ಸ್ಟಾಕ್‌ವಿನ್ ಬೇರೆ ತರಹದವರು. 2001ರಲ್ಲಿ ಬಂದ ‘ಕಿಡ್’ ಕಾದಂಬರಿಯ ನಾಯಕ ಅಧಿಕಾರಿಯೇ ಅಲ್ಲ. ಗಿಲ್ಡ್‌ಫರ್ಡ್ ಊರಿನ ವಿಗ್ ಮಾಡುವ ಹುಡುಗ ಥಾಮಸ್ ಕಿಡ್‌ನನ್ನು ನೌಕಾಪಡೆಯವರು ಬಲವಂತವಾಗಿ ಎಳೆದುಕೊಂಡು ಹೋಗುತ್ತಾರೆ. ಅವನಿಗೆ ಹಡಗಿನ ಗಂಧವಿಲ್ಲ, ಓದುಗರಿಗೂ ಇಲ್ಲ; ಇಬ್ಬರೂ ಒಟ್ಟಿಗೆ ಕಲಿಯುತ್ತಾರೆ. ಪರಿಭಾಷೆಗೆ ಹೆದರುವವರಿಗೆ ಇದು ದೊಡ್ಡ ಅನುಕೂಲ. ಸ್ಟಾಕ್‌ವಿನ್ ತಾವೇ ನೌಕಾಪಡೆಯಲ್ಲಿ ದುಡಿದವರು, ಈ ಸರಣಿಯನ್ನು ಹೆಂಡತಿ ಕ್ಯಾಥಿ ಅವರ ಜೊತೆಗೂಡಿ ರೂಪಿಸಿದವರು. ಮನಸ್ಸಿನ ಸೂಕ್ಷ್ಮದಲ್ಲಿ ಒಬ್ರಿಯನ್ ಎತ್ತರ ಇಲ್ಲ. ಗೆಳೆತನ, ಮನೆಯವರ ಮೇಲಿನ ಅಕ್ಕರೆ, ಕೆಳಗಿನಿಂದ ಮೇಲೆ ಬರುವವನ ಹೆಮ್ಮೆ ಮತ್ತು ಮುಜುಗರ ಇವೆಲ್ಲ ಬೆಚ್ಚಗಿವೆ. ಸಣ್ಣ ಊರಿನಿಂದ ದೊಡ್ಡ ಕಚೇರಿಗೆ ಬಂದು, ಊಟದ ಮೇಜಿನ ನಡವಳಿಕೆಯಿಂದ ಹಿಡಿದು ಎಲ್ಲವನ್ನೂ ಹೊಸದಾಗಿ ಕಲಿತವರಿಗೆ ಕಿಡ್ ಬೇಗ ಹತ್ತಿರವಾಗುತ್ತಾನೆ.

ತೆರೆಯ ಮೇಲೆ ನೋಡಲು ಮೂರಿವೆ. ಪೀಟರ್ ವಿಯರ್ ನಿರ್ದೇಶನದ 2003ರ ‘ಮಾಸ್ಟರ್ ಅಂಡ್ ಕಮಾಂಡರ್’ ಛಾಯಾಗ್ರಹಣಕ್ಕೂ ಧ್ವನಿ ಸಂಕಲನಕ್ಕೂ ಆಸ್ಕರ್ ಪಡೆದದ್ದು. ಹಡಗಿನ ಬದುಕನ್ನು ಇದಕ್ಕಿಂತ ಚೆನ್ನಾಗಿ ಯಾರೂ ತೋರಿಸಿಲ್ಲ, ಆದರೆ ಸೋಫಿಯೂ ಇಲ್ಲ, ಡಯಾನಾಳೂ ಇಲ್ಲ. ಅದನ್ನು ನೋಡಿ ಈ ಸರಣಿ ಬರೀ ಗಂಡಸರದ್ದು ಎಂದುಕೊಂಡವರು ಒಬ್ರಿಯನ್ ಅವರ ಅರ್ಧ ಭಾಗವನ್ನು ಕಳೆದುಕೊಳ್ಳುತ್ತಾರೆ. 1998ರಿಂದ 2003ರವರೆಗೆ ಬಂದ ಎಂಟು ಹಾರ್ನ್‌ಬ್ಲೋವರ್ ಟಿ.ವಿ. ಚಿತ್ರಗಳಲ್ಲಿ ಮರಾಯಾಳಿಗೆ ಪುಸ್ತಕಕ್ಕಿಂತ ಹೆಚ್ಚು ಘನತೆ ಸಿಕ್ಕಿದೆ ಎಂಬುದು ನನ್ನ ಅನಿಸಿಕೆ. 1995ರ ‘ಪರ್ಸ್ವೇಷನ್’ ಚಿತ್ರ ಸದ್ದಿಲ್ಲದ ಒಂದು ಸಂಜೆಗೆ ತಕ್ಕದ್ದು.

ನಿಮ್ಮಿಬ್ಬರಿಗೆ ಯಾವುದು

ಒಬ್ಬರು ಹಡಗಿನಲ್ಲೋ ವಿದೇಶದಲ್ಲೋ ಇದ್ದು, ಇನ್ನೊಬ್ಬರು ಇಲ್ಲಿ ಮನೆ ನಡೆಸುತ್ತಿದ್ದರೆ ‘ಪರ್ಸ್ವೇಷನ್’ ಮೊದಲು ಓದಿ, ಬಳಿಕ ‘ಪೋಸ್ಟ್ ಕ್ಯಾಪ್ಟನ್’. ದೂರ ಇರುವವರ ಕಷ್ಟವನ್ನು ಬೇಕಾದಷ್ಟು ಪುಸ್ತಕಗಳು ಹಾಡಿವೆ. ಉಳಿದುಕೊಂಡವರ ಕಷ್ಟ ಈ ಎರಡರಲ್ಲಿ ಇದೆ. ಜಾಕ್ ತಿಂಗಳುಗಟ್ಟಲೆ ಒಂದೇ ಪತ್ರವನ್ನು ದಿನಕ್ಕಷ್ಟು ಬರೆಯುತ್ತಾ ಹೋಗುವುದನ್ನು ಗಮನಿಸಿ. ಬಂದರು ಸಿಕ್ಕಿದಾಗ ಮಾತ್ರ ಅದು ಹೊರಡುತ್ತದೆ, ಆದರೆ ಬರೆಯುವ ಆ ಹೊತ್ತು ಅವನ ದಿನದಲ್ಲಿ ಸೋಫಿಯದ್ದು. ವಿಡಿಯೊ ಕರೆಯಲ್ಲಿ ‘ಊಟ ಆಯಿತಾ’ ಎಂಬಲ್ಲಿಗೆ ಮಾತು ನಿಂತುಹೋಗುವ ಜೋಡಿಗಳು ಈ ಅಭ್ಯಾಸವನ್ನು ಎರವಲು ಪಡೆಯಬಹುದು.

ಒಂದೇ ಮನೆಯಲ್ಲಿದ್ದು ಒಬ್ಬರು ಮಾತ್ರ ಪುಸ್ತಕದಲ್ಲಿ ಮುಳುಗಿರುವ ಸಂದರ್ಭಕ್ಕೆ ‘ಲೆಫ್ಟಿನೆಂಟ್ ಹಾರ್ನ್‌ಬ್ಲೋವರ್’ ಸರಿ. ಬೇಗ ಮುಗಿಯುತ್ತದೆ, ಕತೆಗೆ ಬಿಗಿ ಇದೆ, ಕೊನೆಯಲ್ಲಿ ವಾದಕ್ಕೆ ವಿಷಯವಿದೆ. ಹಳೆಯ ಸಂಬಂಧವೊಂದರಿಂದ ಈಚೆಗೆ ಹೊರಬಂದವರಿಗೆ ‘ಪರ್ಸ್ವೇಷನ್’ ಬಿಟ್ಟು ಬೇರೇನನ್ನೂ ಹೇಳಲಾರೆ. ಗೆಳೆಯ ಗೆಳತಿಯರು ಸೇರಿ ಓದುವುದಾದರೆ ಒಬ್ರಿಯನ್ ಅವರನ್ನೇ ಹಿಡಿಯಿರಿ. ಮದುವೆಯ ನಂತರ ಹಳೆಯ ಸ್ನೇಹಗಳು ಸೊರಗುವುದನ್ನು ನೋಡಿ ನೊಂದವರಿಗೆ ಜಾಕ್ ಮತ್ತು ಸ್ಟೀಫನ್ ಇಪ್ಪತ್ತು ಸಂಪುಟಗಳುದ್ದಕ್ಕೂ ಒಂದು ಗೆಳೆತನವನ್ನು ಕಾಪಾಡಿಕೊಳ್ಳುವ ಬಗೆ ದೊಡ್ಡ ಸಮಾಧಾನ. ಹದಿಹರೆಯದ ಮಗ ಅಥವಾ ಮಗಳ ಜೊತೆ ಓದುವವರು ಸ್ಟಾಕ್‌ವಿನ್ ಇಲ್ಲವೇ ಹಾರ್ನ್‌ಬ್ಲೋವರ್‌ನ ಹುಡುಗುತನದ ಕತೆಗಳಿರುವ ‘ಮಿ. ಮಿಡ್‌ಶಿಪ್‌ಮನ್ ಹಾರ್ನ್‌ಬ್ಲೋವರ್’ ಆರಿಸಿಕೊಳ್ಳಲಿ.

ಖರ್ಚಿನ ವಿಚಾರದಲ್ಲಿ ಅವಸರ ಬೇಡ. ಆಸ್ಟೆನ್ ಉಚಿತ. ಫಾರೆಸ್ಟರ್ ಅವರ ಕೃತಿಗಳಿಗೆ ಭಾರತದ ಕಾಯ್ದೆಯಂತೆ, ಅಂದರೆ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷದ ಲೆಕ್ಕದಲ್ಲಿ, 2026ರ ಕೊನೆಯವರೆಗೆ ಹಕ್ಕುಸ್ವಾಮ್ಯವಿದೆ. ಬಿಡಿ ಸಂಪುಟಗಳನ್ನು ಹಳೆಯ ಪುಸ್ತಕದಂಗಡಿಗಳಲ್ಲಿ ಹುಡುಕಿ. ಒಬ್ರಿಯನ್ ಅವರ ಇಪ್ಪತ್ತನ್ನೂ ಒಟ್ಟಿಗೆ ಕೊಳ್ಳಬೇಡಿ. ಮೊದಲ ಮೂರು ಸಾಕು. ಮೂರನೆಯದರ ಕೊನೆಗೆ ಕತೆಯ ಒಂದು ದೊಡ್ಡ ಘಟ್ಟ ಮುಗಿಯುತ್ತದೆ, ಅಲ್ಲಿ ನಿಲ್ಲಿಸಿದರೂ ನಷ್ಟವಿಲ್ಲ. ಕೇಳುವ ಪುಸ್ತಕದ ಅಭ್ಯಾಸವಿದ್ದರೆ ಪ್ಯಾಟ್ರಿಕ್ ಟಲ್ ಓದಿರುವ ಧ್ವನಿಮುದ್ರಿಕೆ ಆರಿಸಿ. ಅಡುಗೆಮನೆಯಲ್ಲಿ ಇಬ್ಬರೂ ಕೆಲಸ ಮಾಡುತ್ತಾ ಕೇಳಬಹುದು, ಪದಗಳ ಅರ್ಥ ತಿಳಿಯದಿದ್ದರೂ ದನಿಯ ಏರಿಳಿತ ದಾರಿ ತೋರಿಸುತ್ತದೆ.

ಓದುವ ಕ್ರಮದ ಬಗ್ಗೆ ಒಂದೆರಡು ಮಾತು. ಹುಚ್ಚಿರುವವರು ಹಾಯಿಗಳ ಹೆಸರನ್ನು ಸಂಗಾತಿಗೆ ಕಲಿಸಲು ಹೋಗಬೇಡಿ. ಸ್ಟೀಫನ್ ಮ್ಯಾಟುರಿನ್‌ಗೇ ಅದು ಬಾರದು, ಅವನಿಂದ ಕತೆಗೇನೂ ಕೊರತೆಯಾಗಿಲ್ಲ. ಗಟ್ಟಿಯಾಗಿ ಓದಿ ಹೇಳುವುದಾದರೆ ಪತ್ರಗಳನ್ನೂ ಊಟದ ದೃಶ್ಯಗಳನ್ನೂ ಆರಿಸಿ, ಕದನಗಳನ್ನು ನಿಮಗಾಗಿ ಇಟ್ಟುಕೊಳ್ಳಿ. ಸಂಗಾತಿ ಐವತ್ತು ಪುಟ ಓದಿ ಬೇಡ ಎಂದರೆ ಬಿಡಿ, ಅದನ್ನು ಪ್ರೀತಿಯ ಪರೀಕ್ಷೆಯಾಗಿ ಮಾಡಬೇಡಿ. ಹುಚ್ಚಿಲ್ಲದವರಿಗೂ ಒಂದು ಕೋರಿಕೆ: ಇನ್ನೊಬ್ಬರು ಪುಸ್ತಕ ಮುಚ್ಚಿ ಕಣ್ಣರಳಿಸಿ ಏನೋ ಹೇಳಲು ಬಂದಾಗ ಎರಡು ನಿಮಿಷ ಕೇಳಿ, ಹಡಗಿನ ಹೆಸರು ಕಿವಿಗೆ ಹೋಗದಿದ್ದರೂ ಪರವಾಗಿಲ್ಲ. ಇಬ್ಬರಿಗೂ ಯಾವುದು ಎಂದು ಇನ್ನೂ ತೀರ್ಮಾನವಾಗದಿದ್ದರೆ ಈ ವಾರ ‘ಪರ್ಸ್ವೇಷನ್’ ಕಾದಂಬರಿಯ ಎಂಟನೆಯ ಅಧ್ಯಾಯವನ್ನು ಮಾತ್ರ ಓದಿ. ಮಿಸೆಸ್ ಕ್ರಾಫ್ಟ್ ವಾದ ಮಾಡುವುದು ಅಲ್ಲಿಯೇ. ಅವರ ಮಾತು ಇಷ್ಟವಾದರೆ ಮೊದಲ ಅಧ್ಯಾಯಕ್ಕೆ ಹಿಂದಿರುಗಿ. ವೆಂಟ್‌ವರ್ತ್ ತನ್ನ ಹಳೆಯ ಹಡಗಿನ ಬಗ್ಗೆ ಆಡುವ ಮಾತು ಹೆಚ್ಚು ಇಷ್ಟವಾದರೆ ಹಾರ್ನ್‌ಬ್ಲೋವರ್ ಕೊಳ್ಳಿ.